ಹೆಂಚಿನ ಚೂರು ಹಿಡಿದ ಬೇರು

ಅವರ ಬಲಗೈಯ ಕಿರುಬೆರಳು ನೆಟ್ಟಗಿರಲಿಲ್ಲ. ನಡುವಿನ ಗೆಣ್ಣಿನಿಂದ ಹೊರಕ್ಕೆ ವಾಲಿ, ಮಿಕ್ಕ ಬೆರಳುಗಳ ಜೊತೆ ಜಗಳವಾಡಿಕೊಂಡಂತೆ ದೂರ ನಿಂತಿತ್ತು. ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ತಡೆಯಲು ಹೋಗಿ ಮುರಿದದ್ದಂತೆ. ಪಂದ್ಯ ಮುಗಿಯುವ ತನಕ ಯಾರಿಗೂ ಹೇಳದೆ ಆಡಿದರು, ಆಮೇಲೂ ಹೇಳಲಿಲ್ಲ, ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು. ಮರಳವಾಡಿ ಕಡೆಯ ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಅವರು ಸೀಟಿ ಊದಿ ಆ ಕೈ ಎತ್ತಿದರೆ ಹೊಸ ಹುಡುಗಿಯರಿಗೆ ಗಾಬರಿಯಾಗುತ್ತಿತ್ತು. ನಾಲ್ಕು ಬೆರಳು ಒಂದು ದಿಕ್ಕು ತೋರಿಸಿದರೆ ಕಿರುಬೆರಳು ಇನ್ನೊಂದು ದಿಕ್ಕು ತೋರಿಸುತ್ತಿತ್ತು. ಯಾವ ಕಡೆ ಓಡುವುದು?

ನಮಗೆಲ್ಲ ಅವರು ಪೀಟಿ ಮಿಸ್. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಅದರ ಕೆಳಗೆ ಸುಣ್ಣ ಬಳಿದಷ್ಟು ಬಿಳಿಯ ಕ್ಯಾನ್ವಾಸ್ ಶೂ, ಕೊರಳಲ್ಲಿ ಸರದ ಜಾಗದಲ್ಲಿ ಸೀಟಿಯ ದಾರ. ಖೋ ಖೋ ಆಡುವಾಗ ಬಿದ್ದವಳನ್ನು ಯಾರಾದರೂ “ಅಯ್ಯೋ ಪಾಪ” ಅಂದರೆ ಅವರಿಗೆ ಕೆಂಡದಂಥ ಕೋಪ ಬರುತ್ತಿತ್ತು. “ಪಾಪ ಅನ್ಬ್ಯಾಡ್ರೇ. ಯಾಕ್ ಬಿದ್ಲು ನೋಡಿ. ಕಾಲ್ ಜಾರ್ತಾ? ಹೆಜ್ಜೆ ತಪ್ತಾ? ಕಾರಣ ಹುಡುಕಿ, ಆಮೇಲ್ ಬೇಕಾರೆ ಅಳಿ” ಎನ್ನುತ್ತಿದ್ದರು. ಕಾರಣ ಹುಡುಕುವಷ್ಟರಲ್ಲಿ ಬಿದ್ದವಳು ಎದ್ದಿರುತ್ತಿದ್ದಳು, ಅಳುವುದು ಎಲ್ಲರಿಗೂ ಮರೆತಿರುತ್ತಿತ್ತು.

ಅವರು ಮದುವೆ ಮಾಡಿಕೊಳ್ಳಲಿಲ್ಲ. ಆದರೆ ನನ್ನ ಮದುವೆ ಮಾಡಿಸಿದರು. ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಗ ಒಂದು ದಿನ ನಮ್ಮಪ್ಪನ ಮುಂದೆ ಬಂದು ಕೂತು, ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದರು. ಹುಡುಗನ ಗುಣ, ಮನೆತನ ಎಲ್ಲ ಹೇಳಿದ ಮೇಲೆ ನನ್ನ ಬಗ್ಗೆ ಅವರು ಕೊಟ್ಟ ಸರ್ಟಿಫಿಕೇಟು ಒಂದೇ: “ಇವ್ಳು ಬಿದ್ರೆ ಸುತ್ತ ಯಾರವ್ರೆ ಅಂತ ನೋಡಲ್ಲ. ಮಂಡಿ ಒರೆಸ್ಕಂಡು ಓಡ್ತಾಳೆ. ನಮ್ಮನೆಗೆ ಸರಿಹೋಯ್ತಾಳೆ.” ಹೀಗೆ ನಾನು ಚನ್ನಪಟ್ಟಣದ ಪಕ್ಕ, ದೊಡ್ಡಮಳೂರಿನಿಂದ ಒಂದಿಷ್ಟು ಒಳಗಿರುವ ಅವರ ತವರುಮನೆಗೆ ಸೊಸೆಯಾಗಿ ಬಂದೆ. ಸಂಬಂಧದಲ್ಲಿ ಅವರು ನನಗೆ ಚಿಕ್ಕಮ್ಮ ಆಗಬೇಕು. ಆದರೆ ಬಾಯಿಗೆ ಮಿಸ್ ಎಂದೇ ಬರುತ್ತಿತ್ತು. ಹಾಗೆಯೇ ಉಳಿಯಿತು.

ರಿಟೈರಾದ ಮೇಲೆ ಮಿಸ್ ಬಂದು ಸೇರಿದ್ದೂ ಈ ಮನೆಗೇ. ಹಿಂದಿನ ಕೋಣೆ ಅವರದು. ಅದರ ಬಾಗಿಲು ತೆರೆದರೆ ಹಿತ್ತಲು. ಅವರ ತಾಯಿ ಸಾಯುವ ಮುಂಚೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು “ಹಿತ್ಲು ನನ್ ಮಗ್ಳಿಗಿರ್ಲಿ” ಎಂದು ಹೇಳಿದ್ದರಂತೆ. ಬಾಯಿಮಾತು. ಹಿತ್ತಲಿನ ಒಂದು ಮಗ್ಗುಲಿಗೆ ನಾಡಹೆಂಚಿನ ಹಳೆಯ ಕುರಿಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ತೆಂಗು, ನಡುವೆ ಬಟ್ಟೆ ಒಣಹಾಕುವ ಜಾಗ.

ಆರ್ಕಿಡ್ ಎಂಬ ಹೂಗಿಡ ನಮ್ಮ ಮನೆಗೆ ಬಂದದ್ದು ಮಿಸ್ಸಿನ ಬೀಳ್ಕೊಡುಗೆಯ ಉಡುಗೊರೆಯಾಗಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿನಿಯರು ಶಾಲು, ಹಾರದ ಜೊತೆಗೆ ಒಂದು ಕುಂಡ ತಂದುಕೊಟ್ಟಿದ್ದರು. ಚಿಟ್ಟೆಗಳನ್ನು ಸಾಲಾಗಿ ಕಡ್ಡಿಗೆ ಕೂರಿಸಿದ ಹಾಗೆ ಬಿಳಿಯ ಹೂಗಳು, ಒಳಗೆ ನೇರಳೆ ಬಣ್ಣ. ವಾರ ಕಳೆಯಿತು, ತಿಂಗಳು ಕಳೆಯಿತು, ಹೂ ಬಾಡಲೇ ಇಲ್ಲ. ಮಿಸ್ ಬೆಳಿಗ್ಗೆ ಗಂಜಿ ಕುಡಿಯುತ್ತಾ ಅದರ ಮುಂದೆ ನಿಂತು ಬೆರಗಾಗುತ್ತಿದ್ದರು.

“ಸ್ಟ್ಯಾಮಿನಾ ನೋಡೇ ಇದ್ರದು! ನಮ್ ಗುಲಾಬಿ ಬೆಳಿಗ್ಗೆ ಅರಳಿ ಸಂಜೆಗೆ ಸುಸ್ತಾಯ್ತದೆ. ಇದು ನಿಂತೇ ಐತೆ.”

ಕೊನೆಗೆ ಹೂ ಉದುರಿತು. ಕುಂಡ ಬದಲಾಯಿಸಬೇಕು ಅನ್ನಿಸಿತು. ಆಗ ನಮ್ಮ ಮಾವ, ಅಂದರೆ ಮಿಸ್ಸಿನ ಅಣ್ಣ, ಮುಂದೆ ಬಂದರು. ಹುಟ್ಟಿದಾಗಿನಿಂದ ಕುರಿ ಮತ್ತು ಹೊಲ ನೋಡಿಕೊಂಡು ಬಂದ ಮನುಷ್ಯ. ಅವರಿಗೆ ಗೊತ್ತಿಲ್ಲದ ಬೆಳೆ ಯಾವುದು? ಕೆಂಪುಮಣ್ಣು ಜರಡಿ ಹಿಡಿದು, ಅದಕ್ಕೆ ಕಳಿತ ಕುರಿಗೊಬ್ಬರ ಬೆರೆಸಿ, ತಂಗಿಯ ಮೇಲಿನ ಅಕ್ಕರೆಗೆ ಒಂದು ಹಿಡಿ ಹೆಚ್ಚಾಗಿಯೇ ಹಾಕಿದರು.

“ನಮ್ ಕುರಿಗೊಬ್ರ ಹಾಕುದ್ರೆ ಕಲ್ಲೂ ಚಿಗುರ್ತದೆ ಕಣಮ್ಮಿ” ಎಂದು ಮಣ್ಣನ್ನು ಹೆಬ್ಬೆರಳಲ್ಲಿ ಅದುಮಿ ಕೂರಿಸಿದರು.

ಗಿಡ ಕೆಲವೇ ದಿನಗಳಲ್ಲಿ ಹಳದಿಯಾಗಿ ಕುಸಿಯಿತು. ಕಿತ್ತು ನೋಡಿದರೆ ಬೇರುಗಳು ಅಂಬಲಿಯಲ್ಲಿ ನೆನೆದ ನಾರಿನಂತೆ ಕೈಗೆ ಅಂಟಿ ಬಂದವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮರದ ಮ್ಯಾಲೆ ಬದುಕೋ ಬದನಿಕೆ ಜಾತಿ ಅದು. ಮನೇಲಿ ಇಡ್ಬಾರ್ದು. ಹೋಯ್ತು ಬುಡಿ, ಒಳ್ಳೇದೇ ಆಯ್ತು” ಎಂದರು. ಬೇರೆಯವರಿಗೆ ಅದು ಸಮಾಧಾನದ ಮಾತು. ಮಿಸ್ಸಿಗೆ ಅದೇ ಸುಳಿವಾಯಿತು. ಮರದ ಮೇಲೆ ಬದುಕುವ ಗಿಡ ಅಂದರೆ ಅದರ ಬೇರು ಗಾಳಿಯಲ್ಲಿರಬೇಕು. ನಾವು ಅದರ ಮೂಗಿಗೆ ಮಣ್ಣು ತುಂಬಿದ್ದೆವು.

ಆ ದಿನದಿಂದ ಮಿಸ್ ಆಟಕ್ಕೆ ಇಳಿದರು. ನನ್ನನ್ನೂ ಎಳೆದುಕೊಂಡರು.

ನಾವಿಬ್ಬರೂ ಚನ್ನಪಟ್ಟಣದಿಂದ ರೈಲು ಹತ್ತಿ ಬೆಂಗಳೂರಿನ ಒಂದು ನರ್ಸರಿಗೆ ಹೋಗಿ ಡೆಂಡ್ರೋಬಿಯಂ ಎಂಬ ಜಾತಿಯ ಆರ್ಕಿಡ್ ಸಸಿಗಳನ್ನು ತಂದೆವು. ಕಬ್ಬಿನ ಜಲ್ಲೆಯನ್ನು ಬೆರಳಿನಷ್ಟು ಕುಗ್ಗಿಸಿದರೆ ಹೇಗೋ ಹಾಗಿರುವ ಗಿಡ. ನಮ್ಮ ಸೀಮೆಯ ಬಿಸಿಲಿಗೆ ಅದೇ ಗಟ್ಟಿ ಎಂದು ಅಲ್ಲಿಯವನು ಹೇಳಿದ. ಮಣ್ಣಿನ ಬದಲು ಹಾಕಿ ಎಂದು ತೆಂಗಿನ ನಾರಿನ ಪುಡಿಯನ್ನೂ ಕೊಟ್ಟ. ಆ ಬೇಸಿಗೆ ಎಲ್ಲ ಚೆನ್ನಾಗಿತ್ತು. ಮಳೆ ಶುರುವಾದದ್ದೇ ತಡ, ಆ ಪುಡಿ ನೀರು ಕುಡಿದು ಮಡುವಿನಲ್ಲಿ ಮಲಗಿದ ಎಮ್ಮೆಯಂತೆ ಏಳಲೇ ಇಲ್ಲ. ಗಿಡಗಳ ಬುಡ ಕಂದಿತು. ಅರ್ಧಕ್ಕರ್ಧ ಹೋದವು.

“ಪಾಪ ಅನ್ಬ್ಯಾಡ” ಎಂದರು, ನಾನು ಬಾಯಿ ತೆರೆಯುವ ಮೊದಲೇ.

ಮರುಬೇಸಿಗೆಗೆ ಹೊಸ ಸಸಿ ಬಂದವು. ಈ ಸಲ ಮಿಸ್ ಸ್ಕೂಲಿನ ಪದ್ಧತಿ ತಂದರು. ಸ್ಕೂಲಿನಲ್ಲಿ ಕೆಂಪು, ನೀಲಿ, ಹಸಿರು, ಹಳದಿ ಎಂದು ಮಕ್ಕಳನ್ನು ಹೌಸ್ ಮಾಡುತ್ತಿದ್ದರಲ್ಲ, ಹಾಗೆ ಗಿಡಗಳನ್ನೂ ವಿಂಗಡಿಸಿ ಕುಂಡಕ್ಕೆ ಬಣ್ಣದ ರಿಬ್ಬನ್ ಕಟ್ಟಿದರು. ಕೆಂಪು ಹೌಸಿಗೆ ಬರೀ ಇದ್ದಿಲು. ನೀಲಿಗೆ ತೆಂಗಿನ ಮಟ್ಟೆಯ ತುಂಡು. ಹಸಿರಿಗೆ ಇಟ್ಟಿಗೆ ಚೂರು. ಹಳದಿಗೆ ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಕೇಳಿ ತಂದ, ಇನ್ನೂ ಅರಗಿನ ಬಣ್ಣ ಹತ್ತದ ಬಿಳಿ ಆಲೆಮರದ ತುಂಡುಗಳು. ಮರದ ಮೇಲೆ ಬದುಕುವ ಗಿಡಕ್ಕೆ ಮರಕ್ಕಿಂತ ಒಳ್ಳೆಯದು ಏನಿದೆ ಎಂದು ನಾವಿಬ್ಬರೂ ಹಳದಿಯ ಮೇಲೆ ಆಸೆ ಇಟ್ಟಿದ್ದೆವು.

ಹಳದಿಯೇ ಮೊದಲು ಸೋತಿತು. ಆಲೆಮರ ಬಲು ಮೃದು. ನೀರು ಬಿದ್ದು ಬಿದ್ದು ಕೊಳೆತು, ಒಂದು ಬೆಳಿಗ್ಗೆ ಕುಂಡದ ತುಂಬ ಅಣಬೆ ಎದ್ದು ನಿಂತಿದ್ದವು.

“ಹೂವಾ ಅದು?” ಎಂದರು ಮಾವ ಬಗ್ಗಿ ನೋಡಿ. “ಇಷ್ಟ್ ದಿನ ಕಾದಿದ್ದುಕ್ಕೆ ಸಾರ್‌ಗಾದ್ರೂ ಆಯ್ತದಾ ಕೇಳು.”

ಮಿಸ್ ನಕ್ಕರು. ಆದರೆ ಬಾಕಿ ಹೌಸುಗಳೂ ನಗುವಂತಿರಲಿಲ್ಲ. ಬರೀ ಇದ್ದಿಲಲ್ಲಿದ್ದ ಗಿಡಗಳು ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗಿ ಸುಕ್ಕಾಗುತ್ತಿದ್ದವು. ಇಟ್ಟಿಗೆಯಲ್ಲಿ, ಚೆನ್ನಾಗಿ ಬೆಂದದ್ದು ನೀರು ಹಿಡಿಯಲಿಲ್ಲ, ಬೇಯದ್ದು ಕರಗಿ ಮಣ್ಣಾಯಿತು. ಮಟ್ಟೆಯದು ಒಂದಿಷ್ಟು ಪರವಾಗಿಲ್ಲ ಎನ್ನುವಂತಿತ್ತು. ಅದನ್ನು ಹಾಗೇ ಹಾಕಿದರೆ ಒಗರು ನೀರು ಬಿಟ್ಟು ಬೇರು ಸುಡುತ್ತದೆಂದು ಕಂಡುಕೊಂಡು, ತೊಟ್ಟಿಯಲ್ಲಿ ನೆನೆಹಾಕಿ, ಕಾಫಿ ಬಣ್ಣದ ನೀರು ಚೆಲ್ಲಿ ಚೆಲ್ಲಿ, ತಿಳಿಯಾಗುವ ತನಕ ಬದಲಾಯಿಸುತ್ತಿದ್ದೆವು. ಹಿತ್ತಲೆಲ್ಲ ಕೊಳೆತ ಮಟ್ಟೆಯ ವಾಸನೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಟ್ಟೆ ಹರವುತ್ತಿದ್ದರು.

ಈ ನಡುವೆ ಮಾವನ ತಲೆಯಲ್ಲಿ ಇನ್ನೊಂದು ಯೋಚನೆ ಬೆಳೆಯುತ್ತಿತ್ತು. ಹೊಸ ರಸ್ತೆ ಆದ ಮೇಲೆ ನಮ್ಮ ಕಡೆ ಬಾಡಿಗೆ ರೂಮಿಗೆ ಜನ ಕೇಳಿಕೊಂಡು ಬರುತ್ತಿದ್ದರು. ಹಿತ್ತಲಲ್ಲಿ ಸಾಲಾಗಿ ರೂಮು ಕಟ್ಟಿಸಿದರೆ ಮನೆಗೊಂದು ಆಧಾರ ಎಂದು ಅವರ ಲೆಕ್ಕ. ತಪ್ಪೇನಲ್ಲ. ಕುರಿಗಳನ್ನು ಬೀದಿ ಪಕ್ಕದ ಹೊಸ ಶೆಡ್ಡಿಗೆ ಸಾಗಿಸಿ, ಒಂದು ದಿನ ಆಳು ಕರೆಸಿ ಹಳೆಯ ಕೊಟ್ಟಿಗೆಯ ಹೆಂಚು ಇಳಿಸಿಬಿಟ್ಟರು. ಮಿಸ್ ರಾಮನಗರಕ್ಕೆ ಹೋಗಿ ಬರುವಷ್ಟರಲ್ಲಿ ಕೊಟ್ಟಿಗೆಯ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಮೂಲೆಯಲ್ಲಿ ಹೆಂಚಿನ ರಾಶಿ ಬಿದ್ದಿತ್ತು.

ಮಿಸ್ ಶೂ ಕೂಡ ಬಿಚ್ಚದೆ ಹಿತ್ತಲಲ್ಲಿ ನಿಂತರು. “ಅಣ್ಣ, ಅವ್ವ ಏನ್ ಹೇಳಿದ್ಲು?”

“ನಂಗೂ ನೆನಪೈತೆ ಕಣಮ್ಮಿ. ನಾನೇನು ಇಲ್ಲ ಅಂದ್ನಾ? ರೂಮ್ ಕಟ್ಟುದ್ರೂ ನಿಂದೂ ಅದ್ರಲ್ಲಿ ಪಾಲಿರ್ತದೆ. ಆದ್ರೆ ಈ ಸಾಯೋ ಗಿಡಕ್ಕೆ ಇಷ್ಟ್ ಜಾಗ ದಂಡ ಅಲ್ವಾ? ನೀನೇ ಹೇಳು.”

“ಸಾಯೋ ಗಿಡ ಅನ್ಬ್ಯಾಡ.”

“ಬದುಕ್ಸಿ ತೋರ್ಸು ಮತ್ತೆ. ಮುಂದುಲ್ ಯುಗಾದಿ ಗಂಟ ಬುಡ್ತೀನಿ. ನೀನೇ ಬೆಳ್ಸಿದ್ದು ಒಂದು ಹೂ ಅರಳ್ಲಿ, ಹಿತ್ಲು ಮಾತು ನಾನ್ ಎತ್ತಲ್ಲ. ಅರಳ್ದಿದ್ರೆ ಮೇಸ್ತ್ರಿ ಕರುಸ್ತೀನಿ.”

“ಆಯ್ತು” ಎಂದರು ಮಿಸ್. ಬಾಗಿ ಶೂ ಬಿಚ್ಚಿದರು. ಆಮೇಲೆ ಒಳಗೆ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ಆಯ್ತು ಅಂದ್ಬುಟ್ಟೆ. ಈಗ ಏನೇ ಮಾಡದು?”

ಆ ವರ್ಷದ ಮಳೆ ಕರುಣೆ ಇಲ್ಲದೆ ಸುರಿಯಿತು. ನೀಲಿ ಹೌಸಿನ ಮಟ್ಟೆಯೂ ಕೊಳೆಯಲು ಶುರುವಾಯಿತು. ಸತ್ತ ಗಿಡಗಳನ್ನು ಮಾವ ಎತ್ತಿ ಮೂಲೆಯ ಹೆಂಚಿನ ರಾಶಿಯ ಮೇಲೆ ಎಸೆಯುತ್ತಿದ್ದರು. ಒಂದು ಸಂಜೆ ಮಿಸ್ ಹಿತ್ತಲ ಮೆಟ್ಟಿಲ ಮೇಲೆ, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಭುಜ ಇಳಿದದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ಜಿಲ್ಲಾ ಮಟ್ಟದಲ್ಲಿ ನಮ್ಮ ತಂಡ ಸೋತಾಗಲೂ ಅವರು ಹಾಗೆ ಕೂತಿರಲಿಲ್ಲ.

“ಗಿಡ ಹೋದ್ರೆ ಹೋಗ್ಲಿ. ನನ್ ಸರ್ವೀಸೆಲ್ಲ ಇನ್ನೊಬ್ರ ಮೈದಾನ್ದಲ್ಲೇ ಆಯ್ತು ಕಣೇ” ಎಂದರು. “ಒಸಿ ಜಾಗ ನಂದು ಅಂತ ಇರ್ಲಿ ಅನ್ನುಸ್ತದೆ.”

ನಾನು ಹೋಗಿ ಪಕ್ಕದಲ್ಲಿ ಕೂತೆ.

ದೀಪಾವಳಿಯ ಹೊತ್ತಿಗೆ ಮಳೆ ಹಿಂದೆಗೆಯಿತು. ಹಬ್ಬದ ಮುಂಚೆ ಮನೆಯ ಕಂಬಳಿಗಳನ್ನೆಲ್ಲ ಒಗೆದೆ. ತಂತಿಯಲ್ಲಿ ಜಾಗ ಸಾಲದೆ ಒಂದನ್ನು ಹೆಂಚಿನ ರಾಶಿಯ ಮೇಲೆ ಹರವಲು ಹೋದೆ. ಅಲ್ಲಿ ಏನೋ ಹಸಿರು ಕಂಡಿತು. ಸತ್ತಿತೆಂದು ಮಾವ ಎಸೆದ ಡೆಂಡ್ರೋಬಿಯಂಗಳಲ್ಲೊಂದು. ಹಳೆಯ ಜಲ್ಲೆ ಒಣಗಿ ಕಡ್ಡಿಯಾಗಿತ್ತು, ಆದರೆ ಅದರ ಬುಡದಿಂದ ಹೊಸ ಮೊಳಕೆ ಬಂದಿತ್ತು. ಮೊಳಕೆಯ ಕೆಳಗಿನಿಂದ ಬೆಳ್ಳಿ ದಾರದಂಥ ಬೇರುಗಳು ಇಳಿದು ಹೆಂಚಿನ ಬೆನ್ನಿಗೆ ಚಾಚಿಕೊಂಡಿದ್ದವು. ತುದಿ ಎಳೆ ಹಸಿರು. ಕಂಬಳಿ ಅಲ್ಲೇ ಬಿಟ್ಟು ಓಡಿದೆ.

ಮಿಸ್ ಬಂದು ಕುಕ್ಕರುಗಾಲಲ್ಲಿ ಕೂತರು. ತಮ್ಮ ಆ ಸೊಟ್ಟ ಕಿರುಬೆರಳನ್ನು ಬೇರಿನ ಕೆಳಗೆ ತೂರಿಸಿ ಎಬ್ಬಿಸಲು ನೋಡಿದರು. ಬೇರು ಏಳಲಿಲ್ಲ. ಹೆಂಚನ್ನೇ ಎತ್ತಿದರು. ಗಿಡ ಹೆಂಚಿನ ಜೊತೆಯೇ ಎದ್ದು ಬಂತು.

“ಲೇ ಹುಡ್ಗಿ, ಇದು ಹಿಡ್ಕಂಡೈತೆ ಕಣೇ! ಇಷ್ಟ್ ಮಳೇಲಿ ಯಾರೂ ನೋಡ್ದೆ, ಯಾರೂ ನೀರಾಕ್ದೆ ಹಿಡ್ಕಂಡೈತೆ!”

ಆಮೇಲೆ ಅವರು ಕಾರಣ ಹುಡುಕಿದರು. ನಾಡಹೆಂಚು ಇಟ್ಟಿಗೆಯಷ್ಟು ಒರಟಲ್ಲ, ಮಂಗಳೂರು ಹೆಂಚಿನಷ್ಟು ನುಣುಪೂ ಅಲ್ಲ. ಹದವಾಗಿ ಬೆಂದದ್ದು. ಮಳೆ ಬಂದರೆ ಒಂದಿಷ್ಟು ನೀರು ಕುಡಿಯುತ್ತದೆ, ಮಿಕ್ಕದ್ದನ್ನು ಜಾರಿಸುತ್ತದೆ. ಬಿಸಿಲು ಬಂದರೆ ಕುಡಿದದ್ದನ್ನು ನಿಧಾನವಾಗಿ ಬಿಡುತ್ತದೆ. ಇಷ್ಟು ಕಾಲ ಮಳೆ ಬಿಸಿಲಿನಲ್ಲಿ ತೊಳೆದು ಹದವಾದದ್ದರಿಂದ ಅದರಲ್ಲಿ ಕರಗಿಹೋಗುವಂಥದ್ದು ಏನೂ ಉಳಿದಿಲ್ಲ. ರಾಶಿಯ ಸಂದುಗಳಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ.

ಮಿಸ್ ಮಾವನನ್ನು ಕೂಗಿ ಕೇಳಿದರು. “ಅಣ್ಣ, ಈ ಹೆಂಚು ನಂಗೆ ಬೇಕು.”

“ಅದೆಲ್ಲ ತಳಪಾಯದ ಹಳ್ಳಕ್ಕೆ ತುಂಬಕ್ಕೆ ಅಂತ ಇಟ್ಟಿವ್ನಿ.” ಎಂದ ಮಾವ ತಂಗಿಯ ಮುಖ ನೋಡಿ, ಆಮೇಲೆ ಕೈಯಲ್ಲಿದ್ದ ಹೆಂಚು ನೋಡಿದರು. “ಅಪ್ಪ ಹೊದಿಸಿದ್ ಹೆಂಚು ಇದು. ಏನ್ ಮಾಡ್ತೀಯ?”

“ಒಡೀತೀನಿ.”

ಅವತ್ತು ಮಧ್ಯಾಹ್ನ ನೆರಳು ಬಿದ್ದ ಮೇಲೆ ಅಣ್ಣತಂಗಿ ಇಬ್ಬರೂ ಹಿತ್ತಲಲ್ಲಿ ಎದುರುಬದುರು ಕೂತು ಹೆಂಚು ಒಡೆದರು. ಮಿಸ್ ಒಬ್ಬರೇ ಸುತ್ತಿಗೆ ಹಿಡಿದು ಶುರು ಮಾಡಿದ್ದರು. ಮಾವ ದೂರ ನಿಂತು ನೋಡುತ್ತಿದ್ದವರು, “ಹಂಗಲ್ಲ ಕಣಮ್ಮಿ, ಪುಡಿ ಆಯ್ತದೆ. ಅಂಚಲ್ಲಿ ಹೊಡಿ” ಎನ್ನುತ್ತಾ ಬಂದು ಕೂತುಬಿಟ್ಟರು. ನೆಲ್ಲಿಕಾಯಿ ಗಾತ್ರದ ಚೂರು ಒಂದು ಕಡೆ, ದೊಡ್ಡವು ಒಂದು ಕಡೆ ಹಾಕಿದರು. ಪುಡಿಯನ್ನು ನಾನು ಜರಡಿ ಹಿಡಿದು ಎಸೆಯುತ್ತಿದ್ದೆ. ಪುಡಿ ಉಳಿದರೆ ಸಂದು ಮುಚ್ಚಿ ಮತ್ತೆ ಅದೇ ಕಥೆ.

“ನೆನಪೈತಾ?” ಎಂದರು ಮಾವ ಸುತ್ತಿಗೆ ನಿಲ್ಲಿಸದೆ. “ನೀನು ಬೆಕ್ಕು ಹಿಡಿಯಕ್ಕೋಗಿ ಈ ಸೂರು ಹತ್ತಿ, ಒಂದು ಸಾಲು ಹೆಂಚು ತುಳ್ದು ಒಡೆದಾಕಿದ್ದೆ. ಅಪ್ಪ ಕೇಳ್ದಾಗ ನಾನೇ ಅಂದ್ಬುಟ್ಟೆ. ಬಾರುಕೋಲಲ್ಲಿ ತಗಂಡ.”

“ನೀನ್ಯಾಕ್ ಹಂಗಂದೆ? ನಾನೇನ್ ಅನ್ಸಿದ್ನಾ?”

“ನಿಂಗೆ ಹೊಡುದ್ರೆ ನೀನು ಅಳ್ತಿರ್ಲಿಲ್ಲ ಕಣಮ್ಮಿ. ಅದ್ನ ನೋಡಕ್ಕಾಗ್ತಿರ್ಲಿಲ್ಲ ನನ್ ಕೈಲಿ.”

ಮಿಸ್ ತಲೆ ಎತ್ತದೆ ಇನ್ನೊಂದು ಹೆಂಚು ಎಳೆದುಕೊಂಡು, ಅಣ್ಣ ಹೇಳಿದಂತೆ ಅಂಚಲ್ಲಿ ಹೊಡೆದರು.

ಹೆಂಚಿನ ಚೂರನ್ನು ನೀರಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ಉಳಿದ ಗಿಡಗಳನ್ನೆಲ್ಲ ಬುಟ್ಟಿಗಳಿಗೆ ಬದಲಾಯಿಸಿದೆವು. ಈ ಸಲ ಹೌಸುಗಳ ಜಗಳ ಇಲ್ಲ. ಕೆಳಗೆ ದೊಡ್ಡ ಚೂರು, ಮೇಲೆ ಸಣ್ಣ ಚೂರಿನ ಜೊತೆ ಇದ್ದಿಲು, ಬಿಸಿಲಿಗೆ ಆಸರೆಯಾಗಿ ಅಲ್ಲಲ್ಲಿ ನೆನೆಸಿದ ಮಟ್ಟೆಯ ತುಂಡು. ಎಲ್ಲವಕ್ಕೂ ಒಂದೇ ಅಳತೆ ಅಲ್ಲ. ಒಣಗಿದ ಗಿಡಕ್ಕೆ ಮಟ್ಟೆ ಹೆಚ್ಚು, ಕೊಳೆತು ಬದುಕಿದ್ದಕ್ಕೆ ಮಟ್ಟೆಯೇ ಬೇಡ. “ಕುಳ್ಳೀಗೂ ಉದ್ದನೇಳ್ಗೂ ಒಂದೇ ಡ್ರಿಲ್ ಮಾಡ್ಸುದ್ರೆ ಇಬ್ರೂ ಬೀಳ್ತಾರೆ” ಎನ್ನುತ್ತಿದ್ದರು. ನೀರು ಯಾವಾಗ ಹಾಕಬೇಕು ಎಂದು ನಾನು ಕೇಳಿಕೇಳಿ ಸಾಕುಮಾಡಿದಾಗ ಅವರು ಹೇಳಿಕೊಟ್ಟದ್ದನ್ನು ಇವತ್ತು ನಾನು ಎಲ್ಲರಿಗೂ ಹೇಳುತ್ತೇನೆ: “ಬೇರು ಬೆಳ್ಳಗಿದ್ರೆ ಬಾಯಾರೈತೆ. ಹಸ್ರಾದ್ರೆ ಕುಡುದೈತೆ. ಕಂದಾದ್ರೆ ಮುಳುಗೈತೆ.”

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗಟ್ಟಿಮುಟ್ಟಾದ ಒಂದು ಗಿಡದ ತುದಿಯಲ್ಲಿ ಗುಬುಟು ಕಾಣಿಸಿತು. ಎಲೆಯೋ ಹೂವಿನ ಕಡ್ಡಿಯೋ ಗೊತ್ತಾಗಲಿಲ್ಲ. ಮಾವ ಕುರಿಗೆ ಸೊಪ್ಪು ತರುವ ನೆವದಲ್ಲಿ ದಿನಾ ಹಿತ್ತಲಿಗೆ ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರು. ಸೊಪ್ಪು ಇದ್ದದ್ದು ಮನೆಯ ಮುಂದೆ. ಅದು ಹೂವಿನ ಕಡ್ಡಿಯೇ ಎಂದು ತಿಳಿದ ದಿನ ಮಿಸ್ ಹಿತ್ತಲಲ್ಲಿ ಸೀಟಿ ಊದಿಬಿಟ್ಟರು. ಬೀದಿಯ ಮಕ್ಕಳೆಲ್ಲ ಓಡಿಬಂದವು. ಕಡ್ಡಿ ಉದ್ದವಾಯಿತು, ಮೊಗ್ಗುಗಳು ಬಟಾಣಿಯಷ್ಟಾದವು. ಯುಗಾದಿ ಇನ್ನೇನು ಬಂದೇ ಬಿಟ್ಟಿತ್ತು.

ಆಗ ಟಗರು ಬಂತು.

ಮಾವನ ಮುದ್ದಿನ ಟಗರು. ಹಗ್ಗ ಕಿತ್ತುಕೊಂಡು, ಬೀದಿ ಸುತ್ತಿ, ಹಳೆಯ ಕೊಟ್ಟಿಗೆಯ ನೆನಪೋ ಏನೋ, ನೇರ ಹಿತ್ತಲಿಗೆ ನುಗ್ಗಿತ್ತು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಬುಟ್ಟಿ ಬಿದ್ದ ಸದ್ದಿಗೆ ಎದ್ದು ಓಡುವಷ್ಟರಲ್ಲಿ ಮೊಗ್ಗಿನ ಕಡ್ಡಿ ಅದರ ಬಾಯಲ್ಲಿತ್ತು. ನಿಧಾನವಾಗಿ ಮೇಯುತ್ತಾ ನಮ್ಮನ್ನು ನೋಡಿತು.

ಅತ್ತೆಯೇ, ಬದನಿಕೆ ಎಂದಿದ್ದ ಅತ್ತೆಯೇ, “ಅಯ್ಯೋ ನನ್ನವ್ವಾ” ಎಂದು ಬಾಯಿಗೆ ಸೆರಗು ಹಿಡಿದರು. ಮಿಸ್ ನೆಲಕ್ಕೆ ಚೆಲ್ಲಿದ್ದ ಹೆಂಚಿನ ಚೂರುಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ತುಂಬತೊಡಗಿದರು. ಎಂಜಲು ಕೈಯಲ್ಲೇ ಓಡಿಬಂದಿದ್ದ ಮಾವ ತುಂಡಾದ ಹಗ್ಗ ಹಿಡಿದು ನಿಂತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಪಂಥ ಅವರ ಕಡೆಗೇ ಆಗಿತ್ತು, ಆದರೆ ಗೆದ್ದವರ ಮುಖವಲ್ಲ ಅದು.

ಕೊನೆಗೆ ಕೆಮ್ಮಿ, ಕೇಳಿದರು. “ಅಲ್ಲ ಕಣಮ್ಮಿ, ನಿಮ್ ಆಟದಲ್ಲಿ ಎದುರ್ ಪಾರ್ಟಿಯೋರು ಮೈದಾನಕ್ಕೆ ನುಗ್ಗಿ ಗಲಾಟೆ ಮಾಡ್ಬುಟ್ರೆ ಏನ್ ರೂಲು?”

ಮಿಸ್ ತಿರುಗಿ ನೋಡಲಿಲ್ಲ. “ಮ್ಯಾಚು ರದ್ದು. ಮತ್ತೆ ಆಡ್ಸಬೇಕು.”

“ಹಂಗಾರೆ ಮತ್ತೆ ಆಡು” ಎಂದರು ಮಾವ. “ಈ ಸಲ ಬೇಲಿ ನಾನ್ ಹಾಕ್ತೀನಿ.”

ಮಿಸ್ ಆಗ ತಿರುಗಿದರು. ಕಣ್ಣು ತುಂಬಿತ್ತು. ಆದರೂ ಕೇಳಿದ್ದು ಇಷ್ಟೇ: “ಗಟ್ಟಿ ಬೇಲಿ ಹಾಕ್ತೀಯಾ, ಹೆಂಗೆ?”

ಗಟ್ಟಿಯಾಗಿಯೇ ಹಾಕಿದರು. ಆ ಯುಗಾದಿಗೆ ಮೇಸ್ತ್ರಿ ಬರಲಿಲ್ಲ. ಬೇಸಿಗೆಯ ಕೊನೆಗೆ, ಮೊದಲ ಮಳೆ ಹನಿದ ವಾರದಲ್ಲಿ, ಹೆಂಚು ಹಿಡಿದ ಬೇರುಗಳ ಮೇಲೆ ಒಂದಲ್ಲ, ಬುಟ್ಟಿಯಿಂದ ಬುಟ್ಟಿಗೆ ಕಡ್ಡಿಗಳು ಎದ್ದವು. ಟಗರು ಮೇಯ್ದ ಗಿಡವೂ ಮಗ್ಗುಲಿನಿಂದ ಹೊಸ ಕಡ್ಡಿ ಚಾಚಿತು. ಒಂದು ಬೆಳಿಗ್ಗೆ ಮಿಸ್ ನನ್ನನ್ನು ಕರೆದಾಗ ನಾನು ದೋಸೆ ಕಾವಲಿ ಹಾಗೇ ಬಿಟ್ಟು ಹೋದೆ. ಹಿತ್ತಲು ನೇರಳೆ ಮತ್ತು ಬಿಳಿ ಬಣ್ಣದಲ್ಲಿ ತುಂಬಿತ್ತು. ಮಾವ ಆಗಲೇ ಅಲ್ಲಿ ಬಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಆಮೇಲೆ ಊರೆಲ್ಲ ತಿರುಗಿ, “ಬನ್ರಯ್ಯಾ, ನಮ್ ಹಿತ್ಲಲ್ಲಿ ಏನೈತೆ ನೋಡ್ಬನ್ರಿ” ಎಂದು ಕರೆದವರೂ ಅವರೇ.

“ಅಪ್ಪನ ಹೆಂಚಲ್ಲೇ ನನ್ನ ಸೋಲ್ಸಿಬುಟ್ಲು” ಎಂದು ಬಂದವರಿಗೆಲ್ಲ ಹೇಳಿದರು. ಸೋತ ಮನುಷ್ಯ ಅಷ್ಟು ಖುಷಿಯಾಗಿರುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮಧ್ಯಾಹ್ನವೇ ಮೇಸ್ತ್ರಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. “ಬಾರಪ್ಪ, ಕಂಬ ನೆಡ್ಬೇಕು. ರೂಮಿಗಲ್ಲ ಕಣಯ್ಯ, ನೆರಳ್ ಪರದೆಗೆ. ನನ್ ತಂಗಿ ಹೂವಿಂದು.”

ಆಮೇಲಿನ ವರ್ಷಗಳು ಓಟದಲ್ಲಿ ಕಳೆದವು. ಕನಕಪುರ, ಮಾಗಡಿ, ರಾಮನಗರ ಎಂದು ಎಲ್ಲೆಲ್ಲಿ ಹಳೆಯ ಮನೆಯ ಹೆಂಚು ಇಳಿಸುತ್ತಾರೆಂದು ತಿಳಿದರೂ ಮಿಸ್ ಅಲ್ಲಿರುತ್ತಿದ್ದರು. ಊರಿನ ಹೆಂಗಸರು ಕಲಿತರು. ಅಂಗಳದಲ್ಲಿ ಕೂತು ಹೆಂಚು ಒಡೆಯುವ ಸದ್ದು ನಮ್ಮ ಬೀದಿಗೆ ಮಾಮೂಲಾಯಿತು. ಚನ್ನಪಟ್ಟಣದ ಮದುವೆ ಮಂಟಪಗಳಿಗೆ ನಮ್ಮ ಹೂ ಹೋಗತೊಡಗಿತು. ರಾಮನಗರದ ಹೂವಿನ ಪ್ರದರ್ಶನದಲ್ಲಿ ನಮ್ಮ ಗಿಡಕ್ಕೆ ಮೊದಲ ಬಹುಮಾನ ಬಂದಾಗ ಮಿಸ್ ವೇದಿಕೆ ಹತ್ತಲಿಲ್ಲ. ನನ್ನನ್ನು ಬೆನ್ನು ಹಿಡಿದು ನೂಕಿದರು. “ಕೋಚ್ ಯಾವತ್ತಾದ್ರೂ ಕಪ್ ತಗಳ್ತಾರಾ? ಹೋಗೇ” ಎಂದರು. ಮೇಲೆ ನಿಂತು ನೋಡಿದರೆ ಕೆಳಗೆ ಅತ್ತೆ ಪಕ್ಕದವರಿಗೆ ನನ್ನತ್ತ ಬೆರಳು ಮಾಡಿ ಏನೋ ಹೇಳುತ್ತಿದ್ದರು. ಮಿಸ್ ಮಾತ್ರ ಚಪ್ಪಾಳೆ ತಟ್ಟದೆ ಸೊಂಟಕ್ಕೆ ಕೈಯಿಟ್ಟು, ಮುಂದಿನ ಪಂದ್ಯಕ್ಕೆ ನನ್ನನ್ನು ಅಳೆಯುವವರಂತೆ ನೋಡುತ್ತಿದ್ದರು.

ಅವರ ಹೃದಯ ದಣಿದಿತ್ತೆಂದು ತಿಳಿದದ್ದು ಹೋದ ಬೇಸಿಗೆ. ಆಸ್ಪತ್ರೆಯಿಂದ ಬಂದು ಹಿಂದಿನ ಕೋಣೆಯಲ್ಲಿ, ಬಾಗಿಲು ತೆರೆದರೆ ಹೂ ಕಾಣುವಂತೆ ಮಂಚ ಹಾಕಿಸಿಕೊಂಡರು. ಮಾವ ಕುರಿಗಳನ್ನು ನನ್ನ ಗಂಡನಿಗೆ ಒಪ್ಪಿಸಿ ಮಂಚದ ಪಕ್ಕ ಕೂತರು. ನಾನು ಅಭ್ಯಾಸದಂತೆ ಪ್ರತಿಯೊಂದಕ್ಕೂ ಅವರನ್ನೇ ಕೇಳುತ್ತಿದ್ದೆ.

ಒಂದು ದಿನ ಮಾಗಡಿಯಿಂದ ಒಬ್ಬ ಹೆಂಗಸು ತಮ್ಮ ವಾಂಡಾ ಗಿಡವನ್ನು ತಂದುಕೊಟ್ಟು, ಹೇಗಾದರೂ ಉಳಿಸಿಕೊಡಿ ಎಂದು ಕೇಳಿಕೊಂಡು ಹೋಗಿದ್ದರು. ಅದೂ ಆರ್ಕಿಡ್ಡೇ, ಆದರೆ ನಮ್ಮ ಡೆಂಡ್ರೋಬಿಯಂನಂತಲ್ಲ. ಮೊಳದುದ್ದದ ಬೇರು ಬಿಡುವ ಜಾತಿ. ಎಲೆ ಸೊರಗಿತ್ತು. ನಾನು ಅದನ್ನು ಮಂಚದ ಹತ್ತಿರ ಹಿಡಿದುಕೊಂಡು ಹೋಗಿ, “ಮಿಸ್, ಇದಕ್ಕೆ ಏನು ಹಾಕಲಿ? ಹೆಂಚು ಜಾಸ್ತಿ ಮಾಡಲಾ, ಮಟ್ಟೆ ಜಾಸ್ತಿ ಮಾಡಲಾ?” ಎಂದೆ.

ಅವರು ಗಿಡ ನೋಡಲಿಲ್ಲ. ನನ್ನನ್ನು ನೋಡಿದರು.

“ನನ್ ಯಾಕ್ ಕೇಳ್ತೀಯ? ಬೇರು ನಿನ್ ಕೈಲೈತೆ. ನೋಡಿ ನೀನೇ ಹೇಳು.”

ನಾನು ನೋಡಿದೆ. ಬುಟ್ಟಿಯ ಹೊರಗೆ ಗಾಳಿಯಲ್ಲಿ ತೂಗಾಡುತ್ತಿದ್ದ ಬೇರುಗಳು ಬೆಳ್ಳಗೆ ಗಟ್ಟಿಯಾಗಿದ್ದವು. ಬುಟ್ಟಿಯ ಒಳಗಿದ್ದವು ಕಂದಿದ್ದವು. ಇನ್ನೊಮ್ಮೆ ಮುಟ್ಟಿ ನೋಡಿದೆ.

“ಏನೂ ಹಾಕಬಾರದು ಮಿಸ್” ಎಂದೆ. “ಹೆಂಚೂ ಬೇಡ, ಮಟ್ಟೆಯೂ ಬೇಡ. ಕೊಳೆತದ್ದು ಕತ್ತರಿಸಿ ಬರೀ ಬುಟ್ಟಿಯಲ್ಲಿ ತೂಗುಹಾಕಬೇಕು. ದಿನಾ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸಬೇಕು.”

ನಾವು ಅಷ್ಟು ವರ್ಷ ಏನು ಹಾಕಬೇಕು ಎಂದು ಹುಡುಕಿದವರು. ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ಅವರ ಮುಖ ನೋಡುತ್ತಾ ನಿಂತೆ.

ಮಿಸ್ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ತುಟಿಯ ಮೂಲೆಯಲ್ಲಿ ನಗುವಿತ್ತು. “ಮತ್ತೆ ಇಲ್ಯಾಕ್ ನಿಂತಿದ್ದೀಯ? ಹೋಗು, ಮಾಡು” ಎಂದರು.

ಅದಾಗಿ ಕೆಲವು ದಿನಕ್ಕೆ ಅವರು ಹೋದರು. ಬೆಳಗಿನ ಹೊತ್ತು, ಮಾವನ ಕೈ ಹಿಡಿದುಕೊಂಡೇ. ಸುದ್ದಿ ತಿಳಿದು ಬಂದವರಲ್ಲಿ ಅವರ ಕೈಕೆಳಗೆ ಓಡಿ ಬೆಳೆದ ಹೆಂಗಸರೇ ಹೆಚ್ಚು. ಪೊಲೀಸಿನವಳು, ಬಸ್ ಕಂಡಕ್ಟರು, ಲೆಕ್ಚರರು, ಮೊಮ್ಮಗುವನ್ನು ಎತ್ತಿಕೊಂಡು ಬಂದವಳು. ಮಾವ ಪ್ರತಿಯೊಬ್ಬರ ಕೈಗೂ ಒಂದೊಂದು ಗಿಡ ಕೊಟ್ಟು ಕಳಿಸಿದರು.

ಅವರಿಲ್ಲದ ಮೊದಲ ಮಳೆಗಾಲ ಈಗ ತಾನೇ ಮುಗಿದಿದೆ. ಎಡೆಬಿಡದೆ ಹೊಡೆದ ಮಳೆ. ಕೇಳಲು ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಬುಟ್ಟಿಗೂ ಹೋಗಿ ಬೇರು ನೋಡಿದೆ, ಒಬ್ಬಳೇ ತೀರ್ಮಾನ ಮಾಡಿದೆ. ವಾಂಡಾ ನೀಲಿ ಹೂ ಬಿಟ್ಟು ಮಾಗಡಿಗೆ ಹೋಯಿತು. ನಮ್ಮ ಹಿತ್ತಲಲ್ಲಿ ಒಂದು ಗಿಡವೂ ಕೊಳೆಯಲಿಲ್ಲ.